ಕೈರೋಪ್ರಾಕ್ಟಿಕ್ ಮಾಡಿಸಿಕೊಳ್ಳಬಹುದೇ? ಸೊಂಟ, ಕುತ್ತಿಗೆ ನೋವಿನವರ ಪ್ರಶ್ನೆಗಳು

ಕಟಪಾಡಿ ಮನೆ

ಎಲ್ಲರಿಗೂ ನಮಸ್ಕಾರ. ನನ್ನ ಯಜಮಾನರು ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನ ಚಾಲಕರು. ಸೊಂಟನೋವು ಹಳೆಯದು. ಈ ಮಳೆಗಾಲದಲ್ಲಿ ಅದು ಎಡಗಾಲಿಗೆ ಇಳಿದಿದೆ. ಪೃಷ್ಠದಿಂದ ಶುರುವಾಗಿ ಮೀನಖಂಡದವರೆಗೆ ಎಳೆಯುತ್ತದೆ, ಹೆಬ್ಬೆರಳಿನ ಹತ್ತಿರ ಜುಮ್ಮೆನ್ನುತ್ತದೆ. ಎಂಆರ್‌ಐ ಮಾಡಿಸಿದೆವು. ಎಲ್‌4–ಎಲ್‌5 ನಡುವಿನ, ಅಂದರೆ ಸೊಂಟದ ಕೊನೆಯ ಎರಡು ಮೂಳೆಗಳ ನಡುವಿನ, ಡಿಸ್ಕ್ ಎಂಬ ಮೆತ್ತೆ ಉಬ್ಬಿದೆ ಎಂದು ವರದಿ ಬಂದಿದೆ. ಮೂಳೆ ವೈದ್ಯರು ಮಾತ್ರೆ ಬರೆದುಕೊಟ್ಟು, ಫಿಸಿಯೋಥೆರಪಿ ಮಾಡಿಸಿ, ಸದ್ಯಕ್ಕೆ ಆಪರೇಷನ್ ಬೇಡ ಎಂದರು.

ಇವರಿಗೆ ಅಷ್ಟು ತಾಳ್ಮೆ ಇಲ್ಲ. ಜೊತೆಯ ಚಾಲಕರು ಮೊಬೈಲಿನಲ್ಲಿ ಕೈರೋಪ್ರಾಕ್ಟಿಕ್, ಅಂದರೆ ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ತಿರುಗಿಸುವ ಚಿಕಿತ್ಸೆಯ ವಿಡಿಯೊ ತೋರಿಸಿದ್ದಾರೆ. ಮಲಗಿಸಿ ಒಮ್ಮೆ ತಿರುಗಿಸಿದರೆ ಲಟಲಟ ಸದ್ದು, ರೋಗಿ ಎದ್ದು ನಗುತ್ತಾ ನಡೆಯುತ್ತಾನೆ. ಮಂಗಳೂರಿನ ಒಂದು ಕಡೆ ವಿಚಾರಿಸಿದಾಗ ಮೂಳೆ ಜರುಗಿದೆ, ಪ್ಯಾಕೇಜ್ ತೆಗೆದುಕೊಳ್ಳಿ, ಪೂರ್ತಿ ಹಣ ಮೊದಲೇ ಕಟ್ಟಿ ಎಂದರು. ನಮ್ಮ ಅತ್ತೆ, ಅದಕ್ಕಿಂತ ಉಳುಕು ತೆಗೆಯುವವರಲ್ಲಿಗೆ ಹೋಗುವುದೇ ಮೇಲು ಎನ್ನುತ್ತಾರೆ. ಡಿಸ್ಕ್ ಉಬ್ಬಿದವರು ಇದನ್ನು ಮಾಡಿಸಿಕೊಳ್ಳಬಹುದೇ? ಆ ಸದ್ದು ಏನು? ಮೂಳೆ ನಿಜವಾಗಿಯೂ ಜರುಗುತ್ತದೆಯೇ? ತಿಳಿದವರು ದಯವಿಟ್ಟು ಹೇಳಿ.

ಬಂದರಿನವ

ಅಕ್ಕಾ, ಧೈರ್ಯವಾಗಿ ಕರೆದುಕೊಂಡು ಹೋಗಿ. ನಾನು ಮಲ್ಪೆಯಲ್ಲಿ ಮೀನಿನ ಬುಟ್ಟಿ ಎತ್ತುವಾಗ ಸೊಂಟ ಹಿಡಿದುಕೊಂಡು, ಬಗ್ಗಿದವನು ಬಗ್ಗಿದ ಹಾಗೆಯೇ ಮನೆಗೆ ಬಂದಿದ್ದೆ. ಕೈರೋಪ್ರಾಕ್ಟಿಕ್ ಮಾಡಿಸಿದ ದಿನವೇ ನೆಟ್ಟಗೆ ನಿಂತೆ. ಈಗ ದೋಣಿಗೆ ಹೋಗುತ್ತಿದ್ದೇನೆ. ಮಾತ್ರೆ ನುಂಗಿ ಹೊಟ್ಟೆ ಹಾಳು ಮಾಡಿಕೊಳ್ಳುವುದಕ್ಕಿಂತ ಇದು ಒಳ್ಳೆಯದು.

ನಿವೃತ್ತ ಫಿಸಿಯೋ, ಕದ್ರಿ

ಕಟಪಾಡಿಯ ತಂಗೀ, ಮೊದಲು ಒಂದು ವಿಷಯ ಕೇಳುತ್ತೇನೆ, ನಾಚಿಕೊಳ್ಳದೆ ಯಜಮಾನರಿಂದ ಉತ್ತರ ಪಡೆಯಿರಿ. ಮೂತ್ರ ಕಟ್ಟಿಕೊಳ್ಳುವುದು, ತಿಳಿಯದೆ ಹೋಗುವುದು, ಮಲದ ಮೇಲೆ ಹತೋಟಿ ತಪ್ಪುವುದು ಇದೆಯೇ? ತೊಡೆಗಳ ಒಳಭಾಗ, ಗುದದ ಸುತ್ತ, ಬೈಕಿನ ಸೀಟು ತಾಗುವ ಜಾಗ ಮರಗಟ್ಟಿದೆಯೇ? ಎರಡೂ ಕಾಲುಗಳಲ್ಲಿ ಬಲ ಕುಗ್ಗುತ್ತಿದೆಯೇ? ಇದರಲ್ಲಿ ಒಂದಕ್ಕೆ ಹೌದು ಎಂದಾದರೂ ಕೈರೋಪ್ರಾಕ್ಟಿಕ್, ಫಿಸಿಯೋ, ಉಳುಕು ಎಲ್ಲವನ್ನೂ ಬಿಟ್ಟು ಅದೇ ದಿನ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಹೋದಾಗ ಹೀಗಾಗುತ್ತದೆ. ಶಸ್ತ್ರಚಿಕಿತ್ಸೆ ತಡವಾದರೆ ಮೂತ್ರದ ಹತೋಟಿ ಮರಳಿ ಬಾರದೆಯೇ ಹೋಗಬಹುದು. ಜ್ವರದೊಂದಿಗೆ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದುದು, ರಾತ್ರಿ ಮಲಗಿದರೂ ಕಡಿಮೆಯಾಗದ ನೋವು, ಬಿದ್ದ ನಂತರ ಶುರುವಾದ ನೋವು, ಇವು ಯಾವುವನ್ನೂ ಕೈಯಿಂದ ತಿರುಗಿಸಿ ಸರಿಮಾಡಲು ಹೋಗಬಾರದು. ಬೆನ್ನುಮೂಳೆಗೆ ಕ್ಷಯರೋಗ ತಗಲುವುದು ನಮ್ಮ ದೇಶದಲ್ಲಿ ಅಪರೂಪವೇನಲ್ಲ, ಅದು ಕೂಡ ಮೊದಮೊದಲು ಬರೀ ಬೆನ್ನುನೋವಾಗಿಯೇ ಕಾಣಿಸಿಕೊಳ್ಳುತ್ತದೆ.

ಇನ್ನು ಮೂಳೆ ಜರುಗುವ ವಿಚಾರ. ಯಜಮಾನರ ಮೂಳೆ ಜರುಗಿಲ್ಲ. ಜರುಗಿದ್ದರೆ ಎಂಆರ್‌ಐ ವರದಿಯಲ್ಲಿ ಬರೆಯುತ್ತಿದ್ದರು, ಮತ್ತು ಹಾಗೆ ಜರುಗಿದ್ದನ್ನು ಯಾರೂ ಕೈಯಿಂದ ತಳ್ಳಿ ಕೂರಿಸಲಾರರು. ಈ ಮಾತು ಬಂದದ್ದು ಕೈರೋಪ್ರಾಕ್ಟಿಕ್ ಹುಟ್ಟಿದ ಕಾಲದಿಂದ. ಅಮೆರಿಕದ ಅಯೋವಾ ರಾಜ್ಯದ ಡ್ಯಾವನ್‌ಪೋರ್ಟ್ ಎಂಬ ಊರಿನಲ್ಲಿ ಅಯಸ್ಕಾಂತ ಚಿಕಿತ್ಸೆ ಮಾಡುತ್ತಿದ್ದ ಡೇನಿಯಲ್ ಡೇವಿಡ್ ಪಾಮರ್, 1895ರ ಸೆಪ್ಟೆಂಬರಿನಲ್ಲಿ ಹಾರ್ವೆ ಲಿಲ್ಲಾರ್ಡ್ ಎಂಬ ಕಿವಿ ಕೇಳದ ಕೆಲಸಗಾರನ ಬೆನ್ನುಮೂಳೆಯನ್ನು ಒತ್ತಿದ, ಕಿವಿ ಕೇಳಿಸಿತು ಎಂದು ಹೇಳಿಕೊಂಡ. ನೂರರಲ್ಲಿ ತೊಂಬತ್ತೈದು ಕಾಯಿಲೆಗಳಿಗೆ ಜರುಗಿದ ಕಶೇರುಕಗಳೇ, ಅಂದರೆ ಬೆನ್ನುಮೂಳೆಯ ಬಿಡಿ ಮೂಳೆಗಳೇ, ಕಾರಣ ಎಂದು ಮುಂದೆ ಬರೆದ. ಕಿವಿಯ ನರ ತಲೆಬುರುಡೆಯ ಒಳಗೇ ಮೆದುಳಿಗೆ ಸೇರುತ್ತದೆ, ಬೆನ್ನುಮೂಳೆಯ ಮೂಲಕ ಹಾದುಹೋಗುವುದೇ ಇಲ್ಲ. ಬ್ರಿಟನ್ನಿನಲ್ಲಿ ಕೈರೋಪ್ರಾಕ್ಟರ್‌ಗಳನ್ನು ನೋಂದಾಯಿಸುವ ಪರಿಷತ್ತೇ 2010ರಲ್ಲಿ, ಈ ಜರುಗುವಿಕೆಯ ಕಲ್ಪನೆ ಚರಿತ್ರೆಗೆ ಸೇರಿದ್ದು, ರೋಗಕ್ಕೆ ಅದು ಕಾರಣ ಎನ್ನುವುದಕ್ಕೆ ಪುರಾವೆಯಿಲ್ಲ ಎಂದು ತಿಳಿಸಿತು. ಹಾಗಿರುವಾಗ ಇಲ್ಲಿ ಕುಳಿತು ಮೂಳೆ ಜರುಗಿದೆ ಎನ್ನುವವರು ಒಂದೋ ಹಳೆಯ ಪಾಠ ಓದಿದ್ದಾರೆ, ಇಲ್ಲವೇ ಹೆದರಿಸುತ್ತಿದ್ದಾರೆ.

ಹಾಗೆಂದು ಬಂದರಿನ ತಮ್ಮ ಹೇಳಿದ್ದು ಸುಳ್ಳಲ್ಲ. ಹೊಸದಾಗಿ ಸೊಂಟ ಹಿಡಿದುಕೊಂಡವರಿಗೆ ಈ ಚಿಕಿತ್ಸೆಯಿಂದ ಸ್ವಲ್ಪ ಉಪಶಮನ ಸಿಗುತ್ತದೆ ಎಂದು ಪರೀಕ್ಷೆಗಳಲ್ಲಿ ಕಂಡಿದೆ. ಅಮೆರಿಕದ ವೈದ್ಯರ ಸಂಘಟನೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರ ಮಾರ್ಗಸೂಚಿಯಲ್ಲಿ, ಹೊಸ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬಹುದಾದವುಗಳಲ್ಲಿ ಶಾಖ, ಮಸಾಜ್, ಅಕ್ಯುಪಂಕ್ಚರ್‌ಗಳ ಜೊತೆ ಇದನ್ನೂ ಹೆಸರಿಸಿತು. ಹಳೆಯ ನೋವಿಗೂ ಇದು ಉಳಿದ ಒಳ್ಳೆಯ ಚಿಕಿತ್ಸೆಗಳಷ್ಟೇ ಫಲ ಕೊಡುತ್ತದೆ, ಅವುಗಳಿಗಿಂತ ಹೆಚ್ಚೇನಲ್ಲ. ಬ್ರಿಟನ್ನಿನ ಮಾರ್ಗಸೂಚಿಯಂತೂ ವ್ಯಾಯಾಮದ ಜೊತೆಗೆ ಮಾತ್ರ ಮಾಡಿ, ಇದೊಂದನ್ನೇ ಮಾಡಬೇಡಿ ಎನ್ನುತ್ತದೆ. ನನ್ನ ಅಭಿಪ್ರಾಯವೂ ಅದೇ. ಬರೀ ಮಲಗಿ ತಿರುಗಿಸಿಕೊಂಡು ಎದ್ದುಬರುವ ಚಿಕಿತ್ಸೆಯಿಂದ ಚಾಲಕನ ಸೊಂಟ ಗಟ್ಟಿಯಾಗುವುದಿಲ್ಲ.

ಬಂದರಿನವ

ಸರ್, ಹಾಗಾದರೆ ಆ ಲಟಕ್ ಎನ್ನುವುದು ಏನು? ಮೂಳೆ ಕೂತದ್ದು ನನಗೇ ಗೊತ್ತಾಯಿತಲ್ಲ?

ನಿವೃತ್ತ ಫಿಸಿಯೋ, ಕದ್ರಿ

ಬೆರಳಿನ ಲಟಿಕೆ ಮುರಿದಾಗ ಬರುವ ಸದ್ದೇ ಅದು. ಬೆನ್ನುಮೂಳೆಯ ಹಿಂಬದಿಯಲ್ಲಿ ಸಣ್ಣಸಣ್ಣ ಕೀಲುಗಳಿವೆ, ಅವುಗಳೊಳಗೆ ಜಾರುದ್ರವ ಇರುತ್ತದೆ. ಕೀಲಿನ ಎರಡು ಮೈಗಳನ್ನು ಚಕ್ಕನೆ ಬೇರ್ಪಡಿಸಿದರೆ ಒಳಗಿನ ಒತ್ತಡ ಇಳಿದು ದ್ರವದಲ್ಲಿ ಅನಿಲದ ಗುಳ್ಳೆ ಮೂಡುತ್ತದೆ, ಗೋಲಿ ಸೋಡಾ ಒಡೆದಾಗ ಆಗುವ ಹಾಗೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಎಂಆರ್‌ಐ ಯಂತ್ರದೊಳಗೆ ಬೆರಳನ್ನು ಎಳೆದು, ಸದ್ದಾಗುವ ಗಳಿಗೆಯಲ್ಲೇ ಚಿತ್ರ ತೆಗೆದು ಈ ಗುಳ್ಳೆಯನ್ನು ತೋರಿಸಿದರು. ಒಮ್ಮೆ ಸದ್ದಾದ ಕೀಲು ಸುಮಾರು ಇಪ್ಪತ್ತು ನಿಮಿಷ ಮತ್ತೆ ಸದ್ದು ಮಾಡುವುದಿಲ್ಲ. ಸದ್ದು ಬಂದರೆ ಗುಣ, ಬಾರದಿದ್ದರೆ ಇಲ್ಲ ಎಂಬುದೂ ಇಲ್ಲ.

ನಿಮಗೆ ಹಗುರವಾದದ್ದು ನಿಜವೇ. ಕೀಲು ಹಿಗ್ಗಿದಾಗ ಸುತ್ತಲಿನ ಬಿಗಿದ ಸ್ನಾಯು ಸ್ವಲ್ಪ ಹೊತ್ತು ಸಡಿಲಗೊಳ್ಳುತ್ತದೆ, ನೋವಿನ ಸಂಕೇತ ಮಂಕಾಗುತ್ತದೆ. ಅದರ ಜೊತೆ, ಮೀನಿನ ಬುಟ್ಟಿ ಎತ್ತುವಾಗ ಹಿಡಿದುಕೊಂಡ ಸೊಂಟ ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ತಾನಾಗಿಯೇ ಸಡಿಲವಾಗುತ್ತದೆ.

ಗಲ್ಫ್‌ನಿಂದ ಮರಳಿದವ, ಸುರತ್ಕಲ್

ದುಬೈಯಲ್ಲಿ ಇದ್ದಾಗ ನಾನು ಇದನ್ನು ಮಾಡಿಸಿಕೊಂಡಿದ್ದೇನೆ. ಅಲ್ಲಿ ಕೈರೋಪ್ರಾಕ್ಟರ್‌ಗೆ ಆರೋಗ್ಯ ಪ್ರಾಧಿಕಾರದ ಪರವಾನಗಿ ಇರಲೇಬೇಕು. ಮೊದಲ ಭೇಟಿಯಲ್ಲಿ ಅವರು ನನ್ನನ್ನು ಮಂಚದ ಮೇಲೆ ಮಲಗಿಸಲೇ ಇಲ್ಲ. ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ರಕ್ತ ತೆಳುವಾಗುವ ಔಷಧ ಇದೆಯೇ, ಬಿದ್ದಿದ್ದೀರಾ ಎಂದು ಕೇಳಿ ಬರೆದುಕೊಂಡು, ಕಾಲುಗಳ ಬಲ ನೋಡಿ, ಆಮೇಲೆ ಏನು ಮಾಡುತ್ತೇನೆ ಎಂದು ವಿವರಿಸಿ ಸಹಿ ತೆಗೆದುಕೊಂಡರು. ಊರಿಗೆ ಬಂದು ಒಂದು ಕಡೆ ಹೋದಾಗ ಚಪ್ಪಲಿ ಬಿಚ್ಚುವ ಮೊದಲೇ ಕುತ್ತಿಗೆಗೆ ಕೈ ಹಾಕಿದರು, ಪಕ್ಕದಲ್ಲಿ ಒಬ್ಬ ಹುಡುಗ ಮೊಬೈಲ್ ಹಿಡಿದು ಚಿತ್ರೀಕರಣಕ್ಕೆ ನಿಂತಿದ್ದ. ನಾನು ಎದ್ದು ಹೊರಗೆ ಬಂದೆ. ಚಿಕಿತ್ಸೆ ಒಂದೇ ಇರಬಹುದು, ಮಾಡುವವರಲ್ಲಿ ಅಜಗಜಾಂತರ.

ಕಟಪಾಡಿ ಮನೆ

ಮೂತ್ರದ ತೊಂದರೆ ಏನೂ ಇಲ್ಲ ಸರ್, ಮರಗಟ್ಟಿಯೂ ಇಲ್ಲ, ಕೇಳಿದೆ. ಆದರೆ ಡಿಸ್ಕ್ ಉಬ್ಬಿದೆ ಎಂದು ಬರೆದದ್ದನ್ನು ಓದಿದ ಮೇಲೆ ಇವರು ಕುಳಿತಲ್ಲಿಂದ ಏಳಲೂ ಹೆದರುತ್ತಾರೆ. ಪರೀಕ್ಷೆ ಮಾಡುವುದೆಂದರೆ ಏನೇನು ನೋಡುತ್ತಾರೆ? ನಮಗೆ ಗೊತ್ತಿದ್ದರೆ ಸರಿಯಾಗಿ ನೋಡುತ್ತಿದ್ದಾರೋ ಇಲ್ಲವೋ ತಿಳಿಯುತ್ತದೆ.

ನಿವೃತ್ತ ಫಿಸಿಯೋ, ಕದ್ರಿ

ಒಳ್ಳೆಯ ಪ್ರಶ್ನೆ ತಂಗೀ. ಇದನ್ನು ಎಲ್ಲ ರೋಗಿಗಳೂ ಕೇಳಬೇಕು.

ಮೊದಲು ನಡೆಸಿ ನೋಡುತ್ತಾರೆ. ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಿನ ಮೇಲೆ ನಾಲ್ಕು ಹೆಜ್ಜೆ. ಹಿಮ್ಮಡಿಯಲ್ಲಿ ನಡೆಯುವಾಗ ಪಾದದ ಮುಂಭಾಗ ಕೆಳಗೆ ಬೀಳುತ್ತಿದ್ದರೆ ಎಲ್‌4, ಎಲ್‌5 ನರಗಳ ಕಡೆ ಗಮನ ಹೋಗುತ್ತದೆ. ತುದಿಗಾಲಲ್ಲಿ ನಿಲ್ಲಲು ಆಗದಿದ್ದರೆ ಅವುಗಳ ಕೆಳಗಿನ ಎಸ್‌1 ನರದ ಕಡೆ. ಆಮೇಲೆ ಅಂಗಾತ ಮಲಗಿಸಿ, ಮಂಡಿ ಮಡಿಸದಂತೆ ಹಿಡಿದು, ನೋಯುವ ಕಾಲನ್ನು ನಿಧಾನವಾಗಿ ಮೇಲೆತ್ತುತ್ತಾರೆ. ಮೂವತ್ತರಿಂದ ಎಪ್ಪತ್ತು ಡಿಗ್ರಿಯ ನಡುವೆ ಮಂಡಿಯ ಕೆಳಗಿನವರೆಗೆ ಮಿಂಚು ಹೊಡೆದಂತೆ ನೋವು ಇಳಿದರೆ ನರ ಕೆರಳಿದೆ ಎಂದು ಅರ್ಥ. ತೊಡೆಯ ಹಿಂಭಾಗ ಬರೀ ಎಳೆದರೆ ಅದು ಸ್ನಾಯುವಿನ ಬಿಗಿತ. ಇನ್ನೊಂದು ಕಾಲನ್ನೂ ಎತ್ತಿ ಹೋಲಿಸಬೇಕು. ನಂತರ ಎರಡೂ ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಹಿಡಿಯಲು ಹೇಳಿ, ಪರೀಕ್ಷಿಸುವವರು ತಮ್ಮ ಬೆರಳಿನಿಂದ ಅದನ್ನು ಕೆಳಗೆ ತಳ್ಳುತ್ತಾರೆ. ಎಡದ ಹೆಬ್ಬೆರಳು ಸುಲಭವಾಗಿ ಸೋತು ಬಲದ್ದು ಗಟ್ಟಿಯಾಗಿ ನಿಂತರೆ ಅದನ್ನು ಬರೆದಿಡಬೇಕು, ಏಕೆಂದರೆ ಮುಂದಿನ ವಾರ ಇನ್ನೂ ಸೋತರೆ ಶಸ್ತ್ರಚಿಕಿತ್ಸಕರಿಗೆ ತೋರಿಸಬೇಕಾಗುತ್ತದೆ. ಸಣ್ಣ ಸುತ್ತಿಗೆಯಿಂದ ಮಂಡಿಯ ಕೆಳಗೆ, ಹಿಮ್ಮಡಿಯ ಹಿಂದೆ ತಟ್ಟಿ ನೋಡುತ್ತಾರೆ. ಹತ್ತಿಯ ಎಳೆಯಿಂದ ಚರ್ಮ ಸವರಿ ಎಲ್ಲಿ ಮಂಕಾಗಿದೆ ಎಂದು ಕೇಳುತ್ತಾರೆ. ಇಷ್ಟಕ್ಕೆ ಹದಿನೈದು ನಿಮಿಷ ಸಾಕು, ಯಾವ ಯಂತ್ರವೂ ಬೇಡ. ಇದನ್ನು ಮಾಡದೆ ಸೊಂಟ ತಿರುಗಿಸಲು ಬರುವವರ ಕೈಗೆ, ಅವರು ಯಾವ ಪದವಿಯವರೇ ಇರಲಿ, ಯಜಮಾನರನ್ನು ಒಪ್ಪಿಸಬೇಡಿ.

ಕೆಲವು ಕಡೆ ಮಲಗಿಸಿ ಎರಡು ಪಾದ ಜೋಡಿಸಿ, ನೋಡಿ ಒಂದು ಕಾಲು ಗಿಡ್ಡ, ಸೊಂಟ ಓರೆಯಾಗಿದೆ ಎಂದು ತೋರಿಸಿ, ಒಮ್ಮೆ ಒತ್ತಿ ಸಮ ಮಾಡಿ ತೋರಿಸುತ್ತಾರೆ. ಬೂಟನ್ನು ಒಂದಿಷ್ಟು ಎಳೆದು ಹಿಡಿದರೂ ಕಾಲು ಉದ್ದವಾಗಿ ಕಾಣುತ್ತದೆ. ಅದು ಪರೀಕ್ಷೆಯಲ್ಲ.

ಡಿಸ್ಕಿನ ಬಗ್ಗೆ ಹೆದರಿಕೆ ಬಿಡಲು ಹೇಳಿ. ನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಮಾಡಿದ ಒಂದು ವಿಶ್ಲೇಷಣೆ 2015ರಲ್ಲಿ ಪ್ರಕಟವಾಯಿತು. ಇಪ್ಪತ್ತರ ಪ್ರಾಯದವರಲ್ಲೇ ನೂರಕ್ಕೆ 30 ಮಂದಿಗೆ ಡಿಸ್ಕ್ ಉಬ್ಬಿತ್ತು, ಐವತ್ತರವರಲ್ಲಿ 60 ಮಂದಿಗೆ, ಎಂಬತ್ತರವರಲ್ಲಿ 84 ಮಂದಿಗೆ. ಅವರೆಲ್ಲ ಆರಾಮವಾಗಿ ಓಡಾಡಿಕೊಂಡಿದ್ದವರು. ಯಜಮಾನರ ಕಾಲಿನ ನೋವು ಮತ್ತು ವರದಿ ಒಂದಕ್ಕೊಂದು ಹೊಂದುತ್ತಿರುವುದರಿಂದ ಅಲ್ಲಿ ನರ ಕೆರಳಿರಬಹುದು. ಆದರೂ ಹೆಚ್ಚಿನವರಲ್ಲಿ ಆರರಿಂದ ಹನ್ನೆರಡು ವಾರಗಳಲ್ಲಿ ಕಾಲುನೋವು ಹತೋಟಿಗೆ ಬರುತ್ತದೆ. ಹೊರಚಾಚಿದ ಡಿಸ್ಕ್ ಎಷ್ಟೋ ಸಲ ತಾನಾಗಿ ಕುಗ್ಗುತ್ತದೆ, ದೇಹವೇ ಅದನ್ನು ಹೀರಿಕೊಳ್ಳುತ್ತದೆ. ಕಾಲಿಗೆ ಇಳಿದ ನೋವು ಇರುವಾಗ ಸೊಂಟವನ್ನು ಜೋರಾಗಿ ತಿರುಗಿಸುವುದನ್ನು ನಾನಂತೂ ಸಲಹೆ ಮಾಡುವುದಿಲ್ಲ.

ಮೂಡುಬಿದಿರೆಯ ಪ್ರಕೃತಿ ವೈದ್ಯೆ

ಕದ್ರಿಯ ಹಿರಿಯರ ಮಾತಿಗೆ ಬಹುಪಾಲು ಒಪ್ಪಿಗೆ ಇದೆ, ಒಂದು ಕಡೆ ತಕರಾರು. ಕಾಲಿಗೆ ನೋವು ಇಳಿದವರಿಗೆಲ್ಲ ಕೈಚಿಕಿತ್ಸೆಯೇ ಬೇಡ ಎಂಬಂತೆ ಓದುಗರು ತಿಳಿಯಬಾರದು. ಚಕ್ಕನೆ ತಳ್ಳುವುದು ಒಂದು ಬಗೆ. ಸದ್ದಿಲ್ಲದೆ, ಲಯಬದ್ಧವಾಗಿ, ರೋಗಿ ಬೇಡ ಎಂದಾಗ ನಿಲ್ಲಿಸಬಹುದಾದ ಮೃದುವಾದ ಚಲನೆ ಇನ್ನೊಂದು ಬಗೆ. ಎರಡನೆಯದನ್ನು ನರದ ಬಲ ಕುಗ್ಗದವರಲ್ಲಿ ಎಚ್ಚರಿಕೆಯಿಂದ ಮಾಡಬಹುದು. ಪ್ರಕೃತಿ ಚಿಕಿತ್ಸೆ ಮತ್ತು ಯೋಗ ವಿಜ್ಞಾನದ ನಮ್ಮ ಐದೂವರೆ ವರ್ಷದ ಪದವಿಯಲ್ಲಿ ಮಸಾಜ್, ಕೈರೋಪ್ರಾಕ್ಟಿಕ್, ಆಸ್ಟಿಯೋಪತಿ ಸೇರಿದ ಒಂದು ವಿಷಯವೇ ಇದೆ. ಉಜಿರೆಯಲ್ಲಿ ಇದರ ಕಾಲೇಜು 1989ರಿಂದ ನಡೆಯುತ್ತಿದೆ.

ಪದವಿಯ ಬಗ್ಗೆ ಹಲವರು ನನ್ನಲ್ಲಿ ಕೇಳುತ್ತಾರೆ, ಹಾಗಾಗಿ ಇಲ್ಲೇ ಬರೆಯುತ್ತೇನೆ. ಅಮೆರಿಕದಲ್ಲಿ ಡಾಕ್ಟರ್ ಆಫ್ ಕೈರೋಪ್ರಾಕ್ಟಿಕ್ ಎಂಬುದು ಪ್ರತ್ಯೇಕ ವೃತ್ತಿಪದವಿ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಪೂರ್ಣಾವಧಿ ಶಿಕ್ಷಣಕ್ಕೆ ಕನಿಷ್ಠ 4,200 ಗಂಟೆಗಳ ಪಾಠ ಮತ್ತು ತರಬೇತಿ ಬೇಕು ಎಂದಿದೆ. ನಮ್ಮ ದೇಶದಲ್ಲಿ ಕೈರೋಪ್ರಾಕ್ಟರ್‌ಗಳಿಗೆಂದೇ ಶಾಸನಬದ್ಧ ಪರಿಷತ್ತು ಇಲ್ಲ. ಆದ್ದರಿಂದ ಫಲಕದ ಮೇಲೆ ಕೈರೋಪ್ರಾಕ್ಟರ್ ಎಂದಷ್ಟೇ ಇದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಮೂಲ ಪದವಿ ಯಾವುದು ಎಂದು ಕೇಳಿ. ನಾಲ್ಕೂವರೆ ವರ್ಷ ಫಿಸಿಯೋಥೆರಪಿ ಓದಿದವರು ಇರಬಹುದು, ನಮ್ಮ ಪದವಿಯವರು ಇರಬಹುದು, ವಿದೇಶದಲ್ಲಿ ಓದಿ ಬಂದವರು ಇರಬಹುದು, ವಾರಾಂತ್ಯದ ಶಿಬಿರದಲ್ಲಿ ಪ್ರಮಾಣಪತ್ರ ಪಡೆದವರೂ ಇರಬಹುದು. ಕೇಳಿದರೆ ಸಿಟ್ಟಾಗುವವರಲ್ಲಿ ನಿಲ್ಲಬೇಡಿ.

ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯ ಕೆಳಗೆ ನೋಂದಣಿ ಬೇಕು. ದೈಹಿಕ ಚಿಕಿತ್ಸೆಯ ಕೇಂದ್ರಗಳೂ ಅದರಲ್ಲಿ ಬರುತ್ತವೆ. ನೋಂದಣಿ ಪತ್ರವನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು, ದರಪಟ್ಟಿ ಕೂಡ. ತಕರಾರು ಇದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಬಹುದು, ಜಿಲ್ಲಾ ಆರೋಗ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ.

ವೇಷಧಾರಿ

ನನ್ನದು ಕುತ್ತಿಗೆಯ ಪ್ರಶ್ನೆ. ನಾನು ತೆಂಕುತಿಟ್ಟಿನ ಯಕ್ಷಗಾನ ಮೇಳದಲ್ಲಿ ವೇಷ ಮಾಡುತ್ತೇನೆ. ನವೆಂಬರಿನಿಂದ ಮೇ ಕೊನೆಯ ಪತ್ತನಾಜೆಯವರೆಗೆ ತಿರುಗಾಟ. ಕಿರೀಟ ಬಿಗಿದು ಕಟ್ಟಿದರೆ ಕುತ್ತಿಗೆ ಆಡುವುದೇ ಕಷ್ಟ, ಸಡಿಲ ಕಟ್ಟಿದರೆ ಧಿಗಿಣ ಹಾರುವಾಗ ತಲೆಯೇ ಹಾರಿಹೋದಂತೆ. ಆಟ ಮುಗಿದ ಬೆಳಿಗ್ಗೆ ಕುತ್ತಿಗೆಯಿಂದ ಹೆಗಲವರೆಗೆ ಮರದ ದಿಮ್ಮಿ ಇಟ್ಟ ಭಾರ. ಪರಿಚಯದ ಕ್ಷೌರಿಕರೊಬ್ಬರು ತಲೆಗೆ ಎಣ್ಣೆ ತಟ್ಟಿ ಕುತ್ತಿಗೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಲಟಕ್ ಎಂದು ತಿರುಗಿಸಿಕೊಡುತ್ತಾರೆ, ಹಾಯೆನಿಸುತ್ತದೆ. ಕೈರೋಪ್ರಾಕ್ಟಿಕ್‌ನವರು ಗಲ್ಲಕ್ಕೆ ಪಟ್ಟಿ ಕಟ್ಟಿ ಎಳೆಯುವ ವಿಡಿಯೊ ನೋಡಿದೆ. ಅದರಿಂದ ಪೂರ್ತಿ ಗುಣವಾಗಬಹುದೇ?

ನರರೋಗ ವಿಭಾಗದ ನರ್ಸ್, ಮಣಿಪಾಲ

ಅಣ್ಣ, ದಯಮಾಡಿ ಎರಡನ್ನೂ ಬೇಡ ಎನ್ನಿ. ಕ್ಷೌರದಂಗಡಿಯದ್ದನ್ನು ಇವತ್ತಿನಿಂದಲೇ ನಿಲ್ಲಿಸಿ.

ಕಾರಣ ಹೇಳುತ್ತೇನೆ. ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಎರಡು ನಾಳಗಳು ಕುತ್ತಿಗೆಯ ಮೂಳೆಗಳಲ್ಲಿರುವ ರಂಧ್ರಗಳ ಮೂಲಕವೇ ಮೇಲೇರುತ್ತವೆ. ಎಲ್ಲಕ್ಕಿಂತ ಮೇಲಿನ ಎರಡು ಮೂಳೆಗಳ ಹತ್ತಿರ ಅವು ಬಳಸಿಕೊಂಡು ತಲೆಬುರುಡೆಯ ಒಳಗೆ ಹೋಗುತ್ತವೆ. ತಲೆಯನ್ನು ನಾವು ತಿರುಗಿಸುವುದರ ಸುಮಾರು ಅರ್ಧ ಭಾಗ ಇದೇ ಜಾಗದಲ್ಲಿ ನಡೆಯುತ್ತದೆ. ಅಲ್ಲಿ ರಭಸದಿಂದ ತಿರುಗಿಸಿದಾಗ ನಾಳದ ಒಳಪದರ ಹರಿದರೆ ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ, ಹೆಪ್ಪು ಮೇಲೆ ಹೋಗಿ ಸಿಕ್ಕಿಕೊಂಡರೆ ಲಕ್ವಾ ಹೊಡೆಯುತ್ತದೆ. ಇದು ಅಪರೂಪ, ಆದರೆ ಆಗುವುದು ನಲವತ್ತು ದಾಟದವರಿಗೂ. 2024ರಲ್ಲಿ ಬಳ್ಳಾರಿ ಕಡೆಯ ಯುವಕನೊಬ್ಬನಿಗೆ ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಗಿಸಿಕೊಂಡ ಮೇಲೆ ಲಕ್ವಾ ಆದದ್ದು ಪತ್ರಿಕೆಗಳಲ್ಲಿ ಬಂದಿತ್ತು.

ವಿಜ್ಞಾನಿಗಳಲ್ಲಿ ಇದರ ಬಗ್ಗೆ ವಾದ ಇದೆ. ನಾಳ ಮೊದಲೇ ಹರಿದು ಕುತ್ತಿಗೆ ನೋಯುತ್ತಿದ್ದವರೇ ಚಿಕಿತ್ಸೆಗೆ ಹೋಗುತ್ತಾರೆ, ಹಾಗಾಗಿ ಇದಕ್ಕೆ ಚಿಕಿತ್ಸೆ ಕಾರಣವಲ್ಲದಿರಬಹುದು ಎಂದು ಕೆನಡಾದಲ್ಲಿ 2008ರಲ್ಲಿ ನಡೆದ ಅಧ್ಯಯನ ಹೇಳಿತು. ಅಮೆರಿಕದ ಹೃದ್ರೋಗ ಸಂಘ 2014ರಲ್ಲಿ, ಎರಡಕ್ಕೂ ನಂಟು ಕಾಣುತ್ತಿದೆ, ಕಾರಣವೆಂದು ಸಾಬೀತಾಗದಿದ್ದರೂ ಕುತ್ತಿಗೆ ತಿರುಗಿಸುವ ಮೊದಲು ರೋಗಿಗೆ ತಿಳಿಸಬೇಕು ಎಂದಿತು. ವಾದ ಯಾವ ಕಡೆ ನಿಂತರೂ ನನಗೆ ಕಾಣುವುದು ಒಂದೇ: ನಾಳ ಮೊದಲೇ ಹರಿದಿದ್ದರೆ ಆ ಕುತ್ತಿಗೆಯನ್ನು ತಿರುಗಿಸುವುದು ಇನ್ನೂ ಕೆಟ್ಟದ್ದು. ಕುತ್ತಿಗೆ ನೋವಿಗೆ ವ್ಯಾಯಾಮದಿಂದಲೇ ಸಿಗುವ ಪ್ರಯೋಜನಕ್ಕೆ ಇಷ್ಟು ಅಪಾಯ ಮೈಮೇಲೆ ಎಳೆದುಕೊಳ್ಳಬಾರದು.

ಈಗಾಗಲೇ ಮಾಡಿಸಿಕೊಂಡವರು ಕೇಳಿ. ಮಾಡಿಸಿಕೊಂಡ ನಂತರ, ಅದು ಕೆಲವು ದಿನ ಕಳೆದ ಮೇಲೂ ಇರಬಹುದು, ಹಿಂದೆಂದೂ ಬಾರದಂಥ ತಲೆನೋವು ಅಥವಾ ಕುತ್ತಿಗೆಯ ಒಂದೇ ಬದಿಯ ನೋವು, ತಲೆಸುತ್ತು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ಮುಖದ ಒಂದು ಬದಿ ಮರಗಟ್ಟುವುದು, ಕುಡಿದವರಂತೆ ಓಲಾಡುವುದು ಕಂಡರೆ ಅದನ್ನು ಗ್ಯಾಸ್ ಎಂದೋ ನಿದ್ದೆಗೆಟ್ಟದ್ದೆಂದೋ ಮಲಗಬೇಡಿ. 108ಕ್ಕೆ ಕರೆಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಲಕ್ಷಣ ಶುರುವಾದಲ್ಲಿಂದ ನಾಲ್ಕೂವರೆ ಗಂಟೆ ಮಾತ್ರ ಸಮಯ. ಕುತ್ತಿಗೆ ತಿರುಗಿಸಿಕೊಂಡ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ಎಷ್ಟೋ ಮಂದಿ ಅದನ್ನು ಹೇಳುವುದೇ ಇಲ್ಲ.

ನಿವೃತ್ತ ಫಿಸಿಯೋ, ಕದ್ರಿ

ನರ್ಸ್ ಅಮ್ಮ ಬರೆದದ್ದಕ್ಕೆ ನನ್ನ ಪೂರ್ಣ ಒಪ್ಪಿಗೆ. ವೇಷಧಾರಿಗಳೇ, ನಿಮಗೆ ಬೇಕಿರುವುದು ಕುತ್ತಿಗೆಯ ಮುಂಭಾಗದ ಆಳದ ಸ್ನಾಯುಗಳ ಬಲ. ಅಂಗಾತ ಮಲಗಿ, ತಲೆ ಎತ್ತದೆ, ಗಲ್ಲವನ್ನು ಗಂಟಲಿನ ಕಡೆ ಮೆಲ್ಲನೆ ಒಳಗೆಳೆದು ಹತ್ತು ಎಣಿಸಿ ಬಿಡಿ. ಹೆಗಲ ರೆಕ್ಕೆಯ ಸ್ನಾಯುಗಳಿಗೂ ವ್ಯಾಯಾಮ ಬೇಕು. ಮಳೆಗಾಲದಲ್ಲಿ ಆಟ ಇಲ್ಲದಿರುವಾಗ ಇದನ್ನು ಶುರುಮಾಡಿದರೆ ತಿರುಗಾಟದ ಹೊತ್ತಿಗೆ ಫಲ ಕಾಣುತ್ತದೆ. ಕೈಬೆರಳು ಜುಮ್ಮೆನ್ನುವುದು, ಹಿಡಿತ ಸಡಿಲವಾಗುವುದು ಇದ್ದರೆ ಮೊದಲು ವೈದ್ಯರಲ್ಲಿಗೆ ಹೋಗಿ.

ಗಲ್ಲಕ್ಕೆ ಪಟ್ಟಿ ಕಟ್ಟಿ ಜಗ್ಗುವುದನ್ನು ನೋಡುವಾಗ ನನಗೆ ಸಂಕಟವಾಗುತ್ತದೆ. ಇಡೀ ಬೆನ್ನುಮೂಳೆಯನ್ನು ಒಂದೇ ಜಗ್ಗಿನಲ್ಲಿ ಎಳೆಯಲು ಯಾವ ಚಿಕಿತ್ಸಾ ಕಾರಣವೂ ಇಲ್ಲ. ಅದು ಕ್ಯಾಮೆರಾಕ್ಕಾಗಿ ಮಾಡುವ ಕೆಲಸ.

ಬೀಡಿ ಕಟ್ಟುವವರ ಮಗಳು, ಬಂಟ್ವಾಳ

ನನ್ನ ಅಮ್ಮನ ವಿಷಯ ಬರೆಯಲೇಬೇಕು. ಜೀವಮಾನವಿಡೀ ತಡ್ಪೆ (ಮೊರ) ಮಡಿಲಲ್ಲಿಟ್ಟು ಬಗ್ಗಿ ಕೂತು ಬೀಡಿ ಕಟ್ಟಿದವರು. ಅರುವತ್ತು ದಾಟಿದ ಮೇಲೆ ಬೆನ್ನು ಬಾಗಿತು, ನೋವು. ಸಂಬಂಧಿಕರು ಒಂದು ಕಡೆ ಕರೆದುಕೊಂಡು ಹೋದರು. ಕವುಚಿ ಮಲಗಿಸಿ ಬೆನ್ನಿನ ನಡುವೆ ಎರಡೂ ಅಂಗೈ ಇಟ್ಟು ಮೈಭಾರ ಬಿಟ್ಟು ಒತ್ತಿದರು. ಅಮ್ಮ ಕಿರುಚಿದರು. ಅಲ್ಲಿಯವರು, ಮೂಳೆ ಕೂತಿತು, ಎರಡು ದಿನ ನೋವಿರುತ್ತದೆ ಎಂದರು. ವಾರವಾದರೂ ಮಗ್ಗುಲು ಬದಲಿಸಲು ಆಗಲಿಲ್ಲ. ಎಕ್ಸ್‌ರೇಯಲ್ಲಿ ಒಂದು ಮೂಳೆ ಕುಸಿದಿರುವುದು ಕಂಡಿತು. ಮೂಳೆ ಸವೆದಿತ್ತು ಎಂದು ಆಗ ಗೊತ್ತಾಯಿತು. ನಿಮಗೆ ಮುಟ್ಟು ನಿಂತು ಎಷ್ಟು ವರ್ಷವಾಯಿತು, ಹಿಂದೆ ಮೂಳೆ ಮುರಿದಿದೆಯೇ, ಸ್ಟೆರಾಯ್ಡ್ ತೆಗೆದುಕೊಂಡಿದ್ದೀರಾ ಎಂದು ಒಬ್ಬರೂ ಕೇಳಿರಲಿಲ್ಲ. ಅಮ್ಮ ಈಗ ನಡೆಯುತ್ತಾರೆ, ಆದರೆ ಬೀಡಿಗೆ ಕೂರಲು ಆಗುವುದಿಲ್ಲ. ಪ್ರಾಯವಾದ ಹೆಂಗಸರನ್ನು ಕರೆದುಕೊಂಡು ಹೋಗುವವರು ಇದನ್ನು ಓದಲಿ.

ಮೂಡುಬಿದಿರೆಯ ಪ್ರಕೃತಿ ವೈದ್ಯೆ

ಕೇಳಿ ಹೊಟ್ಟೆ ಉರಿಯಿತು. ಮೂಳೆ ಸವೆತ ಇರುವವರಿಗೆ ರಭಸದ ಒತ್ತು ಕೊಡಲೇಬಾರದು, ಇದು ಪಾಠದ ಮೊದಲ ಪುಟದಲ್ಲಿರುವ ಮಾತು. ಆಮವಾತದವರಿಗೆ, ಅಂದರೆ ರುಮಟಾಯ್ಡ್ ಸಂಧಿವಾತ ಇರುವವರಿಗೆ, ಕುತ್ತಿಗೆಯ ಮೇಲಿನ ಕೀಲು ಸಡಿಲವಾಗಿರಬಹುದು, ಅಲ್ಲಿಗೆ ಕೈ ಹಾಕಬಾರದು. ಬೆನ್ನುಮೂಳೆ ಬೆಸೆದುಕೊಳ್ಳುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ರಕ್ತ ತೆಳುವಾಗಲು ವಾರ್ಫರಿನ್‌ನಂಥ ಮಾತ್ರೆ, ಬೆನ್ನಿಗೆ ಹಿಂದೆ ಆದ ಆಪರೇಷನ್, ಇವನ್ನೆಲ್ಲ ಕೇಳುವ ಮೊದಲೇ ನೀವಾಗಿ ಹೇಳಿ.

ಚಿಕಿತ್ಸೆಯ ಮಾರನೆಯ ದಿನ ಮೈಕೈ ನೋವು, ಬಿಗಿತ, ಸ್ವಲ್ಪ ತಲೆನೋವು ಬರುವುದು ಸಾಮಾನ್ಯ, ಸುಮಾರು ಅರ್ಧದಷ್ಟು ಜನರಿಗೆ ಬರುತ್ತದೆ, ಒಂದೆರಡು ದಿನದಲ್ಲಿ ಇಳಿಯುತ್ತದೆ. ಹಾಗೆ ಇಳಿಯದ ನೋವನ್ನು ಮೂಳೆ ಕೂತ ನೋವು ಎಂದು ಸಹಿಸಿಕೊಂಡು ಕೂರಬೇಡಿ.

ಬಾಣಂತಿ, ಕುಂದಾಪುರ

ನನ್ನದು ಸಣ್ಣ ಪ್ರಶ್ನೆ. ಮಗುವಿಗೆ ಎರಡು ತಿಂಗಳು, ಸಂಜೆಯಾದರೆ ಅಳು. ಕೂಸಿಗೂ ಕೈರೋಪ್ರಾಕ್ಟಿಕ್ ಮಾಡುತ್ತಾರೆ, ಹೊಟ್ಟೆನೋವು ಹೋಗುತ್ತದೆ ಎಂದು ವಿಡಿಯೊದಲ್ಲಿ ನೋಡಿದೆ.

ನರರೋಗ ವಿಭಾಗದ ನರ್ಸ್, ಮಣಿಪಾಲ

ಬೇಡವೇ ಬೇಡ ತಂಗೀ. ಆಸ್ಟ್ರೇಲಿಯಾದ ಕೈರೋಪ್ರಾಕ್ಟಿಕ್ ಮಂಡಳಿಯೇ 2019ರಲ್ಲಿ ಎರಡು ವರ್ಷದೊಳಗಿನ ಮಕ್ಕಳ ಬೆನ್ನುಮೂಳೆಗೆ ಇದನ್ನು ಮಾಡಬಾರದೆಂದು ತನ್ನಲ್ಲಿ ನೋಂದಾಯಿಸಿಕೊಂಡವರಿಗೆ ತಿಳಿಸಿತು. ಸಂಜೆಯ ಅಳು ಹೆಚ್ಚಿನ ಕೂಸುಗಳಲ್ಲಿ ಮೂರು ನಾಲ್ಕು ತಿಂಗಳಿಗೆ ತಾನಾಗಿ ನಿಲ್ಲುತ್ತದೆ. ಎಣ್ಣೆ ಸ್ನಾನ ಮಾಡಿಸುವ ಅಜ್ಜಿ ಮೆಲ್ಲನೆ ಸವರಿದರೆ ತೊಂದರೆಯಿಲ್ಲ, ಕಾಲು ಹಿಡಿದು ತಲೆಕೆಳಗೆ ಮಾಡುವುದು ಬೇಡ. ಜ್ವರ, ವಾಂತಿ, ಹಾಲು ಬಿಡುವುದು ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮಧುಮೇಹ, ಅಸ್ತಮಾ, ಬಂಜೆತನ ಗುಣಪಡಿಸುತ್ತೇವೆ ಎನ್ನುವ ಕೈರೋಪ್ರಾಕ್ಟಿಕ್ ಜಾಹೀರಾತುಗಳಿಗೂ ಇದೇ ಉತ್ತರ, ಅವಕ್ಕೆ ಆಧಾರವಿಲ್ಲ.

ಕಟಪಾಡಿ ಮನೆ

ಪ್ಯಾಕೇಜ್ ಬಗ್ಗೆ ಯಾರೂ ಹೇಳಲಿಲ್ಲ. ಇನ್ನೊಂದು, ಮೆಡಿಕಲ್‌ನಿಂದ ಸೊಂಟದ ಬೆಲ್ಟ್ ತಂದಿದ್ದೇವೆ, ಬಸ್ ಓಡಿಸುವಾಗ ಕಟ್ಟಿಕೊಳ್ಳಬೇಕೇ?

ನಿವೃತ್ತ ಫಿಸಿಯೋ, ಕದ್ರಿ

ಮುಂಗಡ ಕಟ್ಟಬೇಡಿ. ಯಾವ ಚಿಕಿತ್ಸೆಯೇ ಇರಲಿ, ಮೂರು ನಾಲ್ಕು ಸಲದಲ್ಲಿ ಒಂದಿಷ್ಟೂ ವ್ಯತ್ಯಾಸ ಕಾಣದಿದ್ದರೆ ದಾರಿ ಬದಲಿಸಬೇಕು. ಹಣ ಮೊದಲೇ ಕೊಟ್ಟರೆ ಬದಲಿಸಲು ಮನಸ್ಸು ಬರುವುದಿಲ್ಲ. ನೋವು ಹೋದ ಮೇಲೂ ಮೂಳೆ ಮತ್ತೆ ಜರುಗದಂತೆ ತಿಂಗಳಿಗೊಮ್ಮೆ ಬನ್ನಿ ಎನ್ನುವವರಿದ್ದಾರೆ. ಜರುಗದೇ ಇದ್ದದ್ದು ಮತ್ತೆ ಜರುಗುವುದೆಲ್ಲಿಂದ?

ಬೆಲ್ಟ್ ಅಗತ್ಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹಳೆಯ ಸೊಂಟನೋವಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಬೆಲ್ಟು, ಭಾರ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಎರಡನ್ನೂ ಬೇಡವೆಂದಿದೆ. ವ್ಯಾಯಾಮ, ತಿಳಿವಳಿಕೆ, ಮಸಾಜ್, ಕೈಚಿಕಿತ್ಸೆಗಳನ್ನು ಮಾಡಬಹುದಾದವುಗಳ ಪಟ್ಟಿಯಲ್ಲಿ ಇಟ್ಟಿದೆ. ತೀರಾ ನೋವಿದ್ದ ದಿನ ಸ್ವಲ್ಪ ಹೊತ್ತು ಕಟ್ಟಿಕೊಂಡರೆ ಅಡ್ಡಿಯಿಲ್ಲ, ಅಭ್ಯಾಸ ಮಾಡಿಕೊಳ್ಳುವುದು ಬೇಡ.

ಅದರ ಬದಲು ಸೀಟನ್ನು ನೋಡಿ. ಇಡೀ ದಿನ ಮೈಗೆ ತಾಗುವ ಬಸ್ಸಿನ ಕಂಪನ ಸೊಂಟಕ್ಕೆ ಕೆಟ್ಟದ್ದು. ಸೀಟಿನ ಸ್ಪಂಜು 'ಸತ್ತಿದ್ದರೆ' ಮಾಲೀಕರಿಗೆ ಹೇಳಿ ಬದಲಾಯಿಸಿಕೊಳ್ಳಲಿ. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಿಚಿರುವಷ್ಟು ಸೀಟು ಮುಂದಕ್ಕೆ ಇರಲಿ, ನೋವು ಎಡಗಾಲಿಗೇ ಇರುವುದರಿಂದ ಇದು ಮುಖ್ಯ. ಮಂಗಳೂರು ತಲುಪಿದ ಮೇಲೆ ಸೀಟಿನಲ್ಲೇ ಕೂತು ಮೊಬೈಲ್ ನೋಡದೆ ಇಳಿದು ನಡೆಯಲಿ. ಮೂಳೆ ವೈದ್ಯರು ಬರೆದುಕೊಟ್ಟ ಫಿಸಿಯೋಥೆರಪಿಯನ್ನು ಶುರುಮಾಡಲಿ, ಖರ್ಚಿನ ಚಿಂತೆ ಇದ್ದರೆ ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಯಲ್ಲೋ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲೋ ವಿಚಾರಿಸಿ. ಮೊದಲ ದಿನ ಹೆಬ್ಬೆರಳಿನ ಬಲ ಎಷ್ಟಿದೆ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಬಂದರಿನವ

ಸರ್, ನನಗೂ ವ್ಯಾಯಾಮ ಬೇಕೇ? ಈಗ ನೋವಿಲ್ಲ.

ನಿವೃತ್ತ ಫಿಸಿಯೋ, ಕದ್ರಿ

ನೋವಿಲ್ಲದಿರುವಾಗಲೇ ಬೇಕು. ಒಮ್ಮೆ ಸೊಂಟ ಹಿಡಿದವರಿಗೆ ಮತ್ತೆ ಹಿಡಿಯುವುದು ಬಹಳ ಸಾಮಾನ್ಯ, ಅದನ್ನು ಕಡಿಮೆ ಮಾಡುವುದು ವ್ಯಾಯಾಮ. ಸೊಂಟ, ಹೊಟ್ಟೆ, ತೊಡೆಗಳ ಬಲಕ್ಕೆ ನಾಲ್ಕು ವ್ಯಾಯಾಮ ಸಾಕು, ಹತ್ತಿರದ ಫಿಸಿಯೋಥೆರಪಿಸ್ಟ್ ಒಬ್ಬರಲ್ಲಿ ಕಲಿತುಕೊಳ್ಳಿ. ಬುಟ್ಟಿಯನ್ನು ಇಬ್ಬರು ಹಿಡಿದು ಎತ್ತಿ, ಎತ್ತಿದ ಮೇಲೆ ಸೊಂಟ ತಿರುಗಿಸದೆ ಕಾಲನ್ನೇ ತಿರುಗಿಸಿ ಇಡಿ.